ಮಕ್ಕಳ ಅಪಸ್ಮಾರ: ಬಗೆಗಳನ್ನು ಗುರುತಿಸುವ ಕ್ರಮ

ಅಪಸ್ಮಾರವು ಒಂದೇ ರೋಗವಲ್ಲ. ಮೆದುಳಿನ ನರಕೋಶಗಳ ವಿದ್ಯುತ್ ಚಟುವಟಿಕೆಯು ಹಠಾತ್ತನೆ ಮಿತಿಮೀರಿ, ಮರಳಿ ಮರಳಿ ಸೆಳವು ತರುವ ಹಲವು ಸ್ಥಿತಿಗಳಿಗೆ ಇದು ಒಟ್ಟು ಹೆಸರು. ಕನ್ನಡದ ಆಡುಮಾತಿನಲ್ಲಿ ಇದು ಮೂರ್ಛೆರೋಗ ಅಥವಾ ಫಿಟ್ಸ್, ತಮಿಳಿನಲ್ಲಿ ವಲಿಪ್ಪು. ಯಾವ ಬಗೆಯೆಂದು ತಿಳಿಯದೆ ಔಷಧವನ್ನು ಸರಿಯಾಗಿ ಆಯಲು ಬಾರದು.

ವರ್ಗೀಕರಣ

ಅಂತಾರಾಷ್ಟ್ರೀಯ ಅಪಸ್ಮಾರ ವಿರೋಧಿ ಸಂಘವು 2017ರಲ್ಲಿ ಮೂರು ಹಂತಗಳ ಕ್ರಮವನ್ನು ನಿಗದಿಪಡಿಸಿತು: ಮೊದಲು ಸೆಳವಿನ ಬಗೆ, ಬಳಿಕ ಅಪಸ್ಮಾರದ ಬಗೆ, ಕೊನೆಗೆ ಸಿಂಡ್ರೋಮ್, ಅಂದರೆ ಲಕ್ಷಣಕೂಟ. ಸೆಳವು ಆರಂಭವಾದ ವಯಸ್ಸು, ಅದರ ಸ್ವರೂಪ, ಇ.ಇ.ಜಿ. ಚಿತ್ರ ಮತ್ತು ಮಗುವಿನ ಬೆಳವಣಿಗೆ ಒಟ್ಟಾಗಿ ಲಕ್ಷಣಕೂಟವನ್ನು ಸೂಚಿಸುತ್ತವೆ. ಪ್ರತಿ ಹಂತದಲ್ಲಿಯೂ ಕಾರಣವನ್ನು ಹುಡುಕಬೇಕು. ಅದು ಆನುವಂಶಿಕವಾಗಿರಬಹುದು, ಮೆದುಳಿನ ರಚನೆಯ ದೋಷವಾಗಿರಬಹುದು, ನಮ್ಮ ದೇಶದಲ್ಲಿ ಆಗಾಗ ಕಾಣುವ ಲಾಡಿಹುಳುವಿನ ಮರಿಕೋಶದಂಥ ಸೋಂಕೂ ಆಗಿರಬಹುದು.

ವಯಸ್ಸಿಗೆ ತಕ್ಕ ಮುಖ್ಯ ಲಕ್ಷಣಕೂಟಗಳು

*ಶೈಶವ:* ಹೆಚ್ಚಾಗಿ 3ರಿಂದ 12 ತಿಂಗಳ ಕೂಸು ನಿದ್ದೆಯಿಂದೆದ್ದೊಡನೆ ಸಾಲುಸಾಲಾಗಿ ತಲೆಬಾಗಿಸಿ ಕೈ ಚಾಚಿ ಬೆಚ್ಚಿದರೆ, ಅದು ವೆಸ್ಟ್ ಸಿಂಡ್ರೋಮ್ ಆಗಿರಬಹುದು. ಹೊಟ್ಟೆನೋವೆಂದು ಬಗೆದು ದಿನ ಕಳೆದರೆ ಬುದ್ಧಿಯ ಬೆಳವಣಿಗೆಗೆ ಹಾನಿಯಾಗುತ್ತದೆ. ತಡಮಾಡದೆ ತಜ್ಞರಿಗೆ ತೋರಿಸಬೇಕು.

*ಶಾಲಾವಯಸ್ಸು:* ಪಾಠದ ನಡುವೆ ಕೆಲವು ಸೆಕೆಂಡು ಶೂನ್ಯದೃಷ್ಟಿ, ದಿನಕ್ಕೆ ಹಲವು ಬಾರಿ: ಇದು ಆಬ್ಸೆನ್ಸ್ ಅಪಸ್ಮಾರದ ಗುರುತು. ಶಿಕ್ಷಕರು ಇದನ್ನು ಅಲಕ್ಷ್ಯವೆಂದು ತಿಳಿಯುವುದುಂಟು. ನಿದ್ದೆಯಲ್ಲಿ ಬಾಯಿಯ ಒಂದು ಪಕ್ಕ ಅದುರಿ ಜೊಲ್ಲು ಸುರಿದು ಮಾತು ತಡವರಿಸುವುದು ರೋಲ್ಯಾಂಡಿಕ್ ಅಪಸ್ಮಾರ. ಇದು ಹದಿಹರೆಯದ ವೇಳೆಗೆ ಸಾಮಾನ್ಯವಾಗಿ ತಾನಾಗಿ ನಿಲ್ಲುತ್ತದೆ.

*ಹದಿಹರೆಯ:* ಬೆಳಗಿನ ಹೊತ್ತು ಕೈ ಜಿಗಿದು ಲೋಟ, ಬಾಚಣಿಗೆ ಜಾರಿಬೀಳುವುದು ಮಯೋಕ್ಲೋನಿಕ್ ಅಪಸ್ಮಾರದ ಸೂಚನೆ. ನಿದ್ದೆಗೇಡು ಇದನ್ನು ಹೆಚ್ಚಿಸುತ್ತದೆ. ಇತರ ಬಗೆಗಳಲ್ಲಿ ಗುಣ ನೀಡುವ ಕಾರ್ಬಮೆಜಪೀನ್ ಇದನ್ನೂ ಆಬ್ಸೆನ್ಸ್ ಸೆಳವನ್ನೂ ಉಲ್ಬಣಿಸಬಲ್ಲದು.

ದಕ್ಷಿಣದ ವಿಶೇಷ: ಬಿಸಿನೀರಿನ ಅಪಸ್ಮಾರ

ಹಂಡೆಯ ಬಿಸಿನೀರನ್ನು ತಲೆಗೆ ಸುರಿದುಕೊಳ್ಳುವಾಗ ಬರುವ ಈ ಸೆಳವು ಕರ್ನಾಟಕದಲ್ಲಿ ಹೆಚ್ಚಾಗಿ ವರದಿಯಾಗಿದೆ. ಬೆಂಗಳೂರಿನ ಡಾ. ಕೆ.ಎಸ್. ಮಣಿ ಹಾಗೂ ನಿಮ್ಹಾನ್ಸ್‌ನ ಡಾ. ಪಿ. ಸತೀಶ್ಚಂದ್ರ ಇದನ್ನು ವಿವರವಾಗಿ ಅಭ್ಯಸಿಸಿದವರು. ಉಗುರುಬೆಚ್ಚನೆಯ ನೀರಿನ ಸ್ನಾನದಿಂದಲೇ ಹಲವರಿಗೆ ತಡೆ ಸಾಧ್ಯ. ಎಣ್ಣೆಸ್ನಾನದ ದಿನ ಮಾತ್ರ ಮಗು ಬೆಪ್ಪಾದರೆ ವೈದ್ಯರಿಗೆ ಅದನ್ನೇ ಹೇಳಬೇಕು.

ರೋಗನಿರ್ಣಯದಲ್ಲಿ ಮನೆಮಾತು

ಇ.ಇ.ಜಿ. ಸಹಜವಾಗಿದ್ದರೂ ಅಪಸ್ಮಾರವಿರಬಹುದು. ಆದ್ದರಿಂದ ಕಂಡವರ ಹೇಳಿಕೆಯೇ ಮೊದಲ ಸಾಕ್ಷ್ಯ. ಕಂಬಂ ಕಣಿವೆಯ ಕಾಪ್ಪಿಲಿಯರಂತೆ ಮನೆಯಲ್ಲಿ ಕನ್ನಡವಾಡುವ ಕುಟುಂಬಗಳು ಆಸ್ಪತ್ರೆಯಲ್ಲಿ ತಮಿಳಿನಲ್ಲಿ ವಿವರಿಸಬೇಕಾಗುತ್ತದೆ. ಅಜ್ಜಿ ಕಂಡದ್ದು ‘ಬೆಚ್ಚಿತು’, ‘ಬೆಪ್ಪಾಯಿತು’, ‘ಕೈ ಜಿಗಿಯಿತು’, ‘ಬಾಯಿ ಸೊಟ್ಟಾಯಿತು’ ಎಂಬ ನಾಲ್ಕು ಬೇರೆ ಸಂಗತಿಗಳು. ನಾಲ್ಕನ್ನೂ ‘ವಲಿಪ್ಪು’ ಎಂಬ ಒಂದೇ ಮಾತಿಗೆ ಇಳಿಸಿದರೆ ನಾಲ್ಕು ಬಗೆಗಳು ಒಂದಾಗಿ, ಔಷಧ ತಪ್ಪುವ ಸಂಭವವಿದೆ. ಕಂಡವರೇ ಜೊತೆಗೆ ಹೋಗಲಿ. ಹೊತ್ತು, ಅವಧಿ, ಯಾವ ಪಕ್ಕ, ನಿದ್ದೆಯೋ ಎಚ್ಚರವೋ ಎಂಬುದನ್ನು ಬರೆದೊಯ್ಯಲಿ. ಸಾಧ್ಯವಾದರೆ ಮೊಬೈಲಿನಲ್ಲಿ ಚಿತ್ರೀಕರಿಸಲಿ. ಚಿತ್ರಕ್ಕೆ ಅನುವಾದ ಬೇಡ.

ತೇನಿ ಮತ್ತು ದಿಂಡಿಗಲ್‌ಗಳಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಿವೆ. ಮಧುರೈಯಲ್ಲಿ ಸರ್ಕಾರಿ ರಾಜಾಜಿ ಆಸ್ಪತ್ರೆಯಿದೆ.

ಸೆಳವು ಬಂದಾಗ

ಮಗುವನ್ನು ಒಂದು ಪಕ್ಕಕ್ಕೆ ಮಲಗಿಸಿ, ಗಡಿಯಾರ ನೋಡಿ. ಬಾಯಿಗೆ ಚಮಚ, ನೀರು ಏನನ್ನೂ ಇಡಬಾರದು. ಕೈಗೆ ಕಬ್ಬಿಣ ಕೊಡುವುದರಿಂದ ಪ್ರಯೋಜನವಿಲ್ಲ. ಐದು ನಿಮಿಷ ಮೀರಿದರೆ 108ಕ್ಕೆ ಕರೆ ಮಾಡಬೇಕು. ಆರಂಭಿಸಿದ ಮಾತ್ರೆಯನ್ನು ವೈದ್ಯರ ಮಾತಿಲ್ಲದೆ ನಿಲ್ಲಿಸಬಾರದು. ಜ್ವರದಲ್ಲಿ ಮಾತ್ರ ಬರುವ ಸೆಳವು ಅಪಸ್ಮಾರವಲ್ಲ. ಆದರೆ ಮೊದಲ ಬಾರಿಗೆ ಬಂದಾಗ ಪರೀಕ್ಷೆ ಅಗತ್ಯ. ಅಪಸ್ಮಾರವು ಅಂಟುರೋಗವಲ್ಲ, ದೈವಕೋಪವೂ ಅಲ್ಲ. ಅದರ ನೆಪದಲ್ಲಿ ಮಗುವನ್ನು ಶಾಲೆ ಬಿಡಿಸಬೇಕಾಗಿಲ್ಲ.