ಮೈದಾನದ ಹಾಡು, ಸ್ಟುಡಿಯೊದ ಇತಿಹಾಸ

ಕರ್ನಾಟಕದ ಸ್ವತಂತ್ರ ಬ್ಯಾಂಡುಗಳ ಕಥೆ ಹೇಳುವವರು ಸಾಮಾನ್ಯವಾಗಿ ಬೆಂಗಳೂರಿನಿಂದಲೇ ಹೊರಡುತ್ತಾರೆ. 1996ರಲ್ಲಿ ಶುರುವಾದ ಥರ್ಮಲ್ ಅಂಡ್ ಎ ಕ್ವಾರ್ಟರ್, 2008ರಲ್ಲಿ ಬಂದ ರಘು ದೀಕ್ಷಿತ್ ಅವರ ಮೊದಲ ಆಲ್ಬಂ, ಅದರ ಬೆನ್ನಿಗೇ ಬಂದ ಸ್ವರಾತ್ಮ ತಂಡದ ಆಲ್ಬಂ, ಹೀಗೆ ಪಟ್ಟಿ ಬೆಳೆಯುತ್ತದೆ. ಸಿನಿಮಾದ ಹಂಗಿಲ್ಲದೆ ತಮ್ಮ ಹಾಡು ತಾವೇ ಕಟ್ಟಿ, ಕಾರ್ಯಕ್ರಮದಿಂದ ಕಾರ್ಯಕ್ರಮಕ್ಕೆ ಅಲೆದು, ನಡುವೆ ಹಣ ಕೂಡಿಸಿ ರೆಕಾರ್ಡಿಂಗ್ ಮಾಡಿಕೊಳ್ಳುವ ಬದುಕು ಇವರಿಂದಲೇ ಆರಂಭವಾಯಿತು ಎಂಬ ಭಾವನೆ ಈ ಪಟ್ಟಿಯ ಹಿಂದಿದೆ. ಆ ತಂಡಗಳ ದುಡಿಮೆಯ ಬಗ್ಗೆ ನನ್ನ ತಕರಾರಿಲ್ಲ. ತಕರಾರಿರುವುದು ಆರಂಭದ ಗೆರೆಯ ಬಗ್ಗೆ. ಆ ಗೆರೆ ಎಳೆದದ್ದು ಸ್ಟುಡಿಯೊ. ಧ್ವನಿಮುದ್ರಣ ಉಳಿದವರಿಗೆ ಇತಿಹಾಸ ಉಳಿಯಿತು, ಉಳಿಯದವರನ್ನು ಜಾನಪದ, ಭಕ್ತಿ, ಚಳವಳಿ ಎಂಬ ಬೇರೆ ಬೇರೆ ಕಪಾಟುಗಳಿಗೆ ಹಾಕಿಡಲಾಯಿತು. ಮುಳಬಾಗಿಲಿನಿಂದ ಕೋಲಾರ, ಮಾಲೂರು, ಶ್ರೀನಿವಾಸಪುರದವರೆಗಿನ ಸೀಮೆಯನ್ನು ನೋಡಿದರೆ ಇದು ಚೆನ್ನಾಗಿ ಕಾಣುತ್ತದೆ.

ಮುಳಬಾಗಿಲಿನ ಹೊರಗಿರುವ ನರಸಿಂಹತೀರ್ಥದಲ್ಲಿ ಶ್ರೀಪಾದರಾಜರ ಬೃಂದಾವನವಿದೆ. ಹದಿನೈದನೆಯ ಶತಮಾನದಲ್ಲಿ, ವ್ಯಾಸರಾಯರ ಗುರುವಾಗಿದ್ದ ಈ ಯತಿ, ಸಂಸ್ಕೃತವೇ ಆಳುತ್ತಿದ್ದ ಮಠದೊಳಕ್ಕೆ ಕನ್ನಡದ ಹಾಡನ್ನು ತಂದರು. ರಂಗವಿಠಲ ಎಂಬ ಅಂಕಿತದಲ್ಲಿ ತಾವೂ ಪದ ಕಟ್ಟಿದರು. ಆಮೇಲೆ ಬಂದ ದಾಸರು ತಂಬೂರಿ ಹಿಡಿದು, ಗೆಜ್ಜೆ ಕಟ್ಟಿ, ಮನೆ ಮನೆಯ ಮುಂದೆ ಹಾಡಿ ಅಕ್ಕಿ ಎತ್ತಿದರು. ಆ ಪದಗಳು ಓಲೆಗರಿಗೆ ಏರಿದವು. 1850ರಲ್ಲಿ ಹರ್ಮನ್ ಮೊಗ್ಲಿಂಗ್ ಮಂಗಳೂರಿನಲ್ಲಿ ದಾಸರ ಪದಗಳನ್ನು ಅಚ್ಚು ಹಾಕಿಸಿದಾಗ ಕಾಗದಕ್ಕೂ ಇಳಿದವು. ಆದರೆ ಉಳಿದದ್ದು ಮಾತು ಮಾತ್ರ. ಪದದ ನೆತ್ತಿಯ ಮೇಲೆ ರಾಗ ತಾಳದ ಹೆಸರಿದ್ದರೂ ಧಾಟಿಯನ್ನು ಬರೆದಿಡುವ ರೂಢಿ ಇರಲಿಲ್ಲ. ಇಂದು ಕಛೇರಿಯಲ್ಲಿ ಕೇಳುವ ದಾಸರ ಪದಗಳ ಮಟ್ಟು ಬಹುಪಾಲು ಇಪ್ಪತ್ತನೆಯ ಶತಮಾನದ ವಿದ್ವಾಂಸರು ಕೂರಿಸಿದ್ದು. ಧಾಟಿ ಹೋಯಿತು, ಅದರೊಂದಿಗೆ ಹಾಡಿದವರ ಶ್ವಾಸ, ವೇಗ, ನಡುನಡುವೆ ಆಡಿದ ಮಾತು ಎಲ್ಲವೂ ಹೋದವು.

ಐದು ಶತಮಾನ ದಾಟಿ ಇದೇ ನೆಲಕ್ಕೆ ಬರೋಣ. ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಎಂಬ ಮಾತಿನಿಂದ ಎದ್ದ 1973ರ ಬೂಸಾ ಪ್ರಕರಣದ ಬಿಸಿಯಲ್ಲಿ ದಲಿತ ಸಂಘರ್ಷ ಸಮಿತಿ (ದಸಂಸ) ರೂಪುಗೊಂಡಿತು. 1975ರಲ್ಲಿ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಬಂತು. ಕೋಲಾರ ಜಿಲ್ಲೆ ಈ ಚಳವಳಿಯ ಗಟ್ಟಿ ನೆಲೆಗಳಲ್ಲಿ ಒಂದು. ಕೋಟಿಗಾನಹಳ್ಳಿ ರಾಮಯ್ಯನವರ ಬರವಣಿಗೆ, ಪಿಚ್ಚಳ್ಳಿ ಶ್ರೀನಿವಾಸ್ ಮತ್ತು ಗೊಲ್ಲಹಳ್ಳಿ ಶಿವಪ್ರಸಾದ್ ಅವರ ಕಂಠ ಈ ನೆಲೆಯಿಂದ ಬಂದವು. ಗಡಿಯಾಚೆಗೆ ತೆಲುಗಿನಲ್ಲಿ, 1972ರಿಂದ ಜನನಾಟ್ಯ ಮಂಡಳಿ ಎಂಬ ಕ್ರಾಂತಿಗೀತೆಯ ತಂಡವಿತ್ತು, ಅದರ ಹಾಡುಗಾರ ಗದ್ದರ್ ಇದ್ದರು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಎನ್ನುವ ಮುಳಬಾಗಿಲಿನವರಿಗೆ ಆ ಹಾಡು ಕೇಳಲು ಅನುವಾದಕ ಬೇಕಿರಲಿಲ್ಲ. ಚಳವಳಿಯ ಹಾಡನ್ನು ಊರೂರಿಗೆ ಒಯ್ದ ಜಾಥಾ ತಂಡದ ಕಟ್ಟುವಿಕೆ ಸರಳ: ಮುಂದೆ ಹಾಡುವವನೊಬ್ಬ, ಸೊಲ್ಲು ಎತ್ತಿಕೊಳ್ಳುವ ನಾಲ್ಕಾರು ಜನ, ತಮಟೆ. ಅಭ್ಯಾಸ ಹಾಸ್ಟೆಲ್ ಕೋಣೆಯಲ್ಲಿ, ವೇದಿಕೆ ಊರ ನಡುವಿನ ಬಯಲು. ಮೇಷ್ಟ್ರು, ವಿದ್ಯಾರ್ಥಿ, ಸಣ್ಣ ನೌಕರಿಯವನು, ಕೂಲಿಯವನು ಹೀಗೆ ಹಾಡುವವರ ಹೊಟ್ಟೆಪಾಡು ಹಾಡಿನ ಹೊರಗಿತ್ತು. ಸ್ವಂತ ಹಾಡು, ಸ್ವಂತ ವಾದ್ಯ, ಸ್ವಂತ ಖರ್ಚು, ಕಂಪನಿಯ ಸಹಿ ಇಲ್ಲ. ಸ್ವತಂತ್ರ ಬ್ಯಾಂಡ್ ಎಂದು ಕರೆಯಲು ಇನ್ನೇನು ಬೇಕೋ ನನಗೆ ತಿಳಿಯದು.

ಬೇಕಾದದ್ದು ರೆಕಾರ್ಡಿಂಗ್ ಎಂದು ಯಾರಾದರೂ ಹೇಳಿಯಾರು. ಅದೇಕೆ ಆಗಲಿಲ್ಲ ಎಂಬುದಕ್ಕೆ ಕಾರಣಗಳು ಇಲ್ಲಿನ ಹಾಡುಗಾರರ ಉದಾಸೀನದಲ್ಲಿಲ್ಲ. ಮುಳಬಾಗಿಲು ಇರುವುದು ಹಳೆಯ ಮದ್ರಾಸು ರಸ್ತೆಯ ಮೇಲೆ. ಕನ್ನಡ ಸಿನಿಮಾ ಸಂಗೀತದ ಬಹುಪಾಲು ಬಹಳ ಕಾಲ ಮದ್ರಾಸಿನಲ್ಲೇ ಮುದ್ರಣಗೊಳ್ಳುತ್ತಿತ್ತು. 1980ರ ದಶಕದಲ್ಲಿ ಶಂಕರ್ ನಾಗ್ ಸಂಕೇತ್ ಸ್ಟುಡಿಯೊ ಕಟ್ಟಿದ ಮೇಲಷ್ಟೇ ಬೆಂಗಳೂರಿಗೆ ಆ ಬಲ ಬಂತು. ಊರಿನಿಂದ ಬೆಂಗಳೂರು ಸುಮಾರು 95 ಕಿ.ಮೀ. ಬಸ್ಸಿನ ಚಾರ್ಜು ಹೊಂದಿಸಿಕೊಂಡು ಹೋಗಬಹುದು, ಗಂಟೆಯ ಲೆಕ್ಕದ ಬಾಡಿಗೆ ಕಟ್ಟುವುದು ಬೇರೆ ಮಾತು. 1978ರಲ್ಲಿ ನಿಸಾರ್ ಅಹಮದ್ ಅವರ ‘ನಿತ್ಯೋತ್ಸವ’ ಕ್ಯಾಸೆಟ್ ಬಂದು ಭಾವಗೀತೆಗೆ ಮಾರುಕಟ್ಟೆ ತೆರೆಯಿತು. ಆದರೆ ಆ ಮಾರುಕಟ್ಟೆಯ ಅಳತೆ ಐದಾರು ನಿಮಿಷದ, ಒಂದೇ ಭಾಷೆಯ, ಮುಗಿದ ಹಾಡು. ಜಾಥಾದ ಹಾಡು ಮುಗಿಯುವಂಥದಲ್ಲ. ಆಯಾ ಊರಿನ ಹೆಸರು, ಆ ವಾರದ ಅನ್ಯಾಯ, ನೆರೆದವರ ಕೂಗು ಒಂದೊಂದಾಗಿ ಸೇರಿ ಅದು ಉದ್ದವಾಗುತ್ತದೆ, ಒಂದು ಸಾಲಿನಲ್ಲಿ ಕನ್ನಡ ಇನ್ನೊಂದರಲ್ಲಿ ತೆಲುಗು ಆಗುತ್ತದೆ. ತಮಟೆಯ ವಿಷಯ ಇನ್ನೂ ಸ್ಪಷ್ಟ. ಬೆಂಕಿಗೆ ಹಿಡಿದು ಚರ್ಮ ಕಾಯಿಸಿದರೆ ಮಾತ್ರ ಅದು ನುಡಿಯುತ್ತದೆ, ಆರಿದರೆ ಮತ್ತೆ ಕಾಯಿಸಬೇಕು. ಬಯಲಿಗೆ ಕೇಳಲೆಂದೇ ಹುಟ್ಟಿದ ಆ ಸದ್ದು ಮುಚ್ಚಿದ ಕೋಣೆಯ ಮೈಕಿನ ಮುಂದೆ ಹಾಡುವವನ ದನಿಯನ್ನು ನುಂಗುತ್ತದೆ. ಅದರ ಜಾಗಕ್ಕೆ ಢೋಲಕ್ ಅಥವಾ ಕೀಬೋರ್ಡಿನ ತಾಳ ತಂದರೆ ಮುದ್ರಣ ಸಿಗುತ್ತದೆ, ಹಾಡು ಬೇರೆಯಾಗುತ್ತದೆ. ಹಾಗಾಗಿ ಈ ತಂಡಗಳ ದಾಖಲೆ ಎಂದು ಕೈಗೆ ಸಿಗುವುದು ಹೆಚ್ಚಾಗಿ ತೆಳುವಾದ ಹಾಡಿನ ಪುಸ್ತಕ. ಮಾತು ಇದೆ, ಮಟ್ಟಿಲ್ಲ.

ಶ್ರೀಪಾದರಾಜರನ್ನೂ ತಮಟೆಯನ್ನೂ ಒಂದೇ ದಾರಕ್ಕೆ ಪೋಣಿಸುವುದು ಸರಿಯೇ? ಈ ಆಕ್ಷೇಪ ನ್ಯಾಯವಾದುದು, ಮತ್ತು ನಾನು ವಂಶಾವಳಿ ಬರೆಯುತ್ತಿಲ್ಲ. ಮಠಕ್ಕೆ ಓಲೆ ನಕಲು ಮಾಡುವ ಕೈಗಳಿದ್ದವು, ನಕಲನ್ನು ಜೋಪಾನ ಮಾಡುವ ಪೆಟ್ಟಿಗೆಗಳಿದ್ದವು. ತಮಟೆ ಬಡಿದವರ ಹಿರಿಯರು ಹಾಡಿದ್ದಕ್ಕೆ ಅಷ್ಟೂ ಇರಲಿಲ್ಲ, ಅವರ ಹೆಸರು ಕೂಡ ಇಲ್ಲ. ಎರಡರಲ್ಲೂ ಒಂದೇ ರೀತಿ ನಡೆದದ್ದು ಸಾಕ್ಷ್ಯದ ಸೋರಿಕೆ. ಎಷ್ಟು ಸೋರಿತು ಎಂಬುದನ್ನು ಜಾತಿ ತೀರ್ಮಾನಿಸಿತು. ತಮಟೆ ಕಲಾವಿದ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ ಪದ್ಮಶ್ರೀ ಸಿಕ್ಕಿದ್ದು 2023ರಲ್ಲಿ. ತಮಟೆಯೊಂದು ವಾದ್ಯವೆಂದು ದೊಡ್ಡವರ ಪಟ್ಟಿಗೆ ಸೇರಲು ಹಿಡಿದ ಕಾಲ ಅದು.

ಇನ್ನೊಂದು ಆಕ್ಷೇಪ ಗಟ್ಟಿಯಾದದ್ದು: ಸಂಘಟನೆಯ ಕೈಕೆಳಗೆ ಹಾಡುವ ತಂಡ ಸ್ವತಂತ್ರ ಹೇಗಾದೀತು? ಸಂಘಟನೆ ಒಡೆದಾಗ ಹಾಡೂ ಒಡೆಯಿತಲ್ಲ? ಒಪ್ಪುತ್ತೇನೆ, ಅರ್ಧ. ದಸಂಸ ಹೋಳಾದಾಗ ತಂಡಗಳಿಗೂ ಏಟು ಬಿತ್ತು. ಆದರೆ ಬೆಂಗಳೂರಿನ ಬ್ಯಾಂಡಿಗೆ ಪಬ್ಬಿನ ಮಾಲೀಕ, ಕಂಪನಿಯ ವಾರ್ಷಿಕೋತ್ಸವ, ಕಾಲೇಜು ಫೆಸ್ಟಿನ ಸಮಿತಿ ಇಲ್ಲವೇ? ಯಾರ ಹಂಗೂ ಇಲ್ಲದ ಹಾಡು ಎಲ್ಲಿಯೂ ಇಲ್ಲ. ಹಂಗು ಹಾಡಿನ ಯಾವ ಭಾಗವನ್ನು ಮುಟ್ಟುತ್ತದೆ ಎಂಬುದೇ ವ್ಯತ್ಯಾಸ. ಚಳವಳಿ ವಿಷಯವನ್ನು ನಿರ್ಧರಿಸಿತು, ಉದ್ದವನ್ನಲ್ಲ. ಮಾರುಕಟ್ಟೆ ಉದ್ದವನ್ನೂ ನಿರ್ಧರಿಸುತ್ತದೆ. ರಘು ದೀಕ್ಷಿತ್ ಅವರ ಆಲ್ಬಮ್ಮಿನಲ್ಲಿ ಶಿಶುನಾಳ ಷರೀಫರ ಪದವಿದೆ ಎಂಬುದನ್ನೂ ಇಲ್ಲಿ ನೆನೆಯಬೇಕು. 1889ರಲ್ಲಿ ತೀರಿಕೊಂಡ ಷರೀಫರ ದನಿ ಯಾವ ಗ್ರಾಮಫೋನ್ ತಟ್ಟೆಯಲ್ಲೂ ಇಲ್ಲ. ಬಯಲಿನ ಭಜನೆ ತಂಡಗಳು ಒಬ್ಬರಿಂದೊಬ್ಬರಿಗೆ ದಾಟಿಸಿದ ಮೇಲೆ ಸಿ. ಅಶ್ವತ್ಥ್ ಅವರ ಕ್ಯಾಸೆಟ್ಟು, ಆಮೇಲೆ ಗಿಟಾರು. ಸ್ಟುಡಿಯೊದ ತಂಡ ಬಯಲಿನ ತಂಡಕ್ಕೆ ಸಾಲಗಾರ.

ಈಗ ಜೇಬಿನ ಫೋನೇ ಸ್ಟುಡಿಯೊ ಎನ್ನುವವರಿದ್ದಾರೆ. ಕೋಲಾರದ ತೇರಹಳ್ಳಿ ಬೆಟ್ಟದ ಮೇಲಿನ ಆದಿಮ ಸಾಂಸ್ಕೃತಿಕ ಕೇಂದ್ರದಲ್ಲಿ ತಿಂಗಳು ತಿಂಗಳು ನಡೆದುಬಂದ ಹುಣ್ಣಿಮೆ ಹಾಡಿಗೆ ಮದ್ರಾಸಿನ ಸ್ಟುಡಿಯೊ ಬೇಕಿಲ್ಲ, ನಿಜ. ಆದರೆ ಫೋನಿನ ಹರಿದಾಟಕ್ಕೂ ತನ್ನ ಅಳತೆಯಿದೆ: ಮೂವತ್ತು ಸೆಕೆಂಡು, ಸೊಲ್ಲಿನ ಮೊದಲ ಸಾಲು, ತಮಟೆಯ ಒಂದು ಏರು. ಇಡೀ ಹಾಡು ಬೇಕೆಂದರೆ ಎಪ್ಪತ್ತು–ಎಂಬತ್ತರ ದಶಕದಲ್ಲಿ ಊರೂರು ತಿರುಗಿ ಹಾಡಿದವರನ್ನೇ ಕೂರಿಸಿ, ಪುಸ್ತಕದಲ್ಲಿಲ್ಲದ ಸಾಲುಗಳನ್ನೂ ಹಾಡಿಸಿ ಕೇಳಬೇಕು. ಆಗ ಇಪ್ಪತ್ತರ ಹುಡುಗರಾಗಿದ್ದವರಿಗೆ ಈಗ ಅರವತ್ತು ದಾಟಿದೆ.