ಕಡ ತಂದ ಸ್ನಾಯು: ವೆಲ್ಲೂರಿನ ಕೈ ಶಸ್ತ್ರಚಿಕಿತ್ಸೆಯ ಆರಂಭದ ದಿನಗಳು

ನರ ಸತ್ತ ಕೈಗೆ ಮತ್ತೆ ಚಲನೆ ತರುವ ವಿದ್ಯೆ ಬಹುಮಟ್ಟಿಗೆ ಯುದ್ಧದ ಕೂಸು. ಗುಂಡೇಟಿನಿಂದ ಮಣಿಕಟ್ಟು ಜೋತುಬಿದ್ದ ಸೈನಿಕರಿಗೆ ಮೊದಲ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ರಾಬರ್ಟ್ ಜೋನ್ಸ್ ಸ್ನಾಯುರಜ್ಜುಗಳ ಜಾಗ ಬದಲಿಸಿದರು. ಅಮೆರಿಕದ ಸ್ಟರ್ಲಿಂಗ್ ಬನ್ನೆಲ್ 1944ರಲ್ಲಿ ಕೈ ಶಸ್ತ್ರಚಿಕಿತ್ಸೆಗೆಂದೇ ಒಂದು ಗ್ರಂಥ ಹೊರತಂದರು. ಅದೇ ವಿದ್ಯೆ ಕುಷ್ಠರೋಗಿಗಳ ಕೈಗೆ ವ್ಯವಸ್ಥಿತವಾಗಿ ಒದಗಿಬಂದದ್ದು ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ. ಇದನ್ನು ಸಾಮಾನ್ಯವಾಗಿ ಕರುಣೆಯ ಕಥೆಯಾಗಿ ಹೇಳುತ್ತಾರೆ. ಕರುಣೆ ಇತ್ತು, ಇಲ್ಲವೆನ್ನುವುದಿಲ್ಲ; ಆದರೆ ದಾರಿ ತೋರಿಸಿದ್ದು ಅಂಗರಚನೆಯ ಒಂದು ಪ್ರಶ್ನೆ ಎಂಬುದು ನನ್ನ ವಾದ.

ಈ ಕೆಲಸಕ್ಕೆ ಕೈಹಾಕಿದ ಶಸ್ತ್ರವೈದ್ಯ ಪಾಲ್ ಬ್ರ್ಯಾಂಡ್ 1914ರಲ್ಲಿ ಕೊಲ್ಲಿಮಲೆಯ ಮಿಶನರಿ ಕುಟುಂಬದಲ್ಲಿ ಹುಟ್ಟಿದವರು. 1946ರಲ್ಲಿ ವೆಲ್ಲೂರಿಗೆ ಬಂದ ಅವರನ್ನು ಕುಷ್ಠರೋಗ ತಜ್ಞ ರಾಬರ್ಟ್ ಕಾಕ್ರೇನ್ ಚೆಂಗಲ್ಪಟ್ಟಿನ ಕುಷ್ಠಧಾಮಕ್ಕೆ ಕರೆಸಿದರು. ಹೊಸ ಸಲ್ಫೋನ್ ಔಷಧ ರೋಗಾಣುವನ್ನು ತಡೆಯುತ್ತಿತ್ತು, ಮುದುಡಿದ ಬೆರಳನ್ನು ಬಿಡಿಸುತ್ತಿರಲಿಲ್ಲ. ಅಲ್ಲಿ ರೋಗಿಯೊಬ್ಬನ ಕೈ ಹಿಡಿದಾಗ ಬ್ರ್ಯಾಂಡರಿಗೆ ನೋವಾಗುವಷ್ಟು ಬಿಗಿ ಹಿಡಿತ! ಸೊರಗಿದ ಕೈಗೆ ಈ ಬಲ ಎಲ್ಲಿಂದ ಬಂತು?

ಉತ್ತರ ನರದ ದಾರಿಯಲ್ಲಿತ್ತು. ಚರ್ಮಕ್ಕೆ ಹತ್ತಿರವಾಗಿ, ತಂಪಾಗಿ ಇರುವ ಕಡೆ, ಅಂದರೆ ಮೊಣಕೈ ಒಳಬದಿಯಲ್ಲಿ, ಮಣಿಕಟ್ಟಿನಲ್ಲಿ, ನರ ಊದಿಕೊಂಡು ಹಾಳಾಗುತ್ತದೆ. ಅದಕ್ಕೂ ಮೇಲೆಯೇ ಕವಲೊಡೆದ ನರಗಳು ನಡೆಸುವ ಮುಂಗೈ ಸ್ನಾಯುಗಳು ಗಟ್ಟಿಯಾಗಿಯೇ ಉಳಿಯುತ್ತವೆ. ಸಾಯುವುದು ಅಂಗೈಯೊಳಗಿನ ಪುಟ್ಟ ಸ್ನಾಯುಗಳು.

ಅವು ಹೋದರೆ ಆಗುವುದೇನು? ಬೆರಳಿನ ಬುಡದ ಗೆಣ್ಣು ಹಿಂದಕ್ಕೆ ಬಾಗುತ್ತದೆ, ನಡುಗೆಣ್ಣು ಮುಂದಕ್ಕೆ ಮಡಚುತ್ತದೆ. ಅನ್ನ ಕಲಸಲು ಹೋದರೆ ತಟ್ಟೆಗೆ ತಾಗುವುದು ಉಗುರು. ಬೆರಳತುದಿ ಹೆಬ್ಬೆರಳನ್ನು ಮುಟ್ಟದೆ ತುತ್ತು ಕಟ್ಟಲಾಗದು.

ಬನ್ನೆಲ್ ಪ್ರಚಾರಕ್ಕೆ ತಂದ ಕ್ರಮದಲ್ಲಿ ಬೆರಳು ಮಡಚುವ ಎರಡು ರಜ್ಜುಗಳಲ್ಲಿ ಮೇಲಿನದನ್ನು ಬಿಡಿಸಿ, ಸೀಳಿ, ಬೆರಳಿನ ಪಕ್ಕಕ್ಕೆ ಹೊಲಿಯುತ್ತಿದ್ದರು. ಬ್ರ್ಯಾಂಡ್ ಮುಂದೆ ಮಣಿಕಟ್ಟನ್ನು ಎತ್ತುವ ಸ್ನಾಯುವೊಂದನ್ನು ಆರಿಸಿಕೊಂಡರು. ಅದರ ಉದ್ದ ಸಾಲದು; ಆದ್ದರಿಂದ ಕಾಲಿನಿಂದ ತೆಳು ರಜ್ಜು ತೆಗೆದು, ನಾಲ್ಕು ಎಳೆ ಮಾಡಿ, ಬೆರಳಿಗೊಂದರಂತೆ ಜೋಡಿಸಿದರು. 1952ರಲ್ಲಿ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಸರ್ಜನ್ಸ್‌ನಲ್ಲಿ ಅವರು ಹಂಟೇರಿಯನ್ ಉಪನ್ಯಾಸ ನೀಡಿದರು. 1954ರ ಅಪಘಾತದಲ್ಲಿ ನಡೆಯುವ ಶಕ್ತಿ ಕಳೆದುಕೊಂಡ ವೆಲ್ಲೂರಿನ ವೈದ್ಯೆ ಮೇರಿ ವರ್ಗೀಸ್ ಗಾಲಿಕುರ್ಚಿಯಲ್ಲಿ ಕೂತೇ ಇಂಥ ಕೈಗಳನ್ನು ಸರಿಪಡಿಸಿದರು.

ಹೊಲಿಗೆ ಬಿಚ್ಚಿದ ಮೇಲಿನ ಕೆಲಸ ಫಿಸಿಯೋಥೆರಪಿಯವರದು. ಮಣಿಕಟ್ಟು ಎತ್ತುತ್ತಿದ್ದ ಸ್ನಾಯು ಈಗ ಬೆರಳು ನಡೆಸಬೇಕು. ಅದನ್ನು ಮಿದುಳಿಗೆ ಒಪ್ಪಿಸಲು ವಾರಗಟ್ಟಲೆ ಅಭ್ಯಾಸ ಬೇಕು.

ಬೇರೊಂದು ಪೇಚೂ ಇತ್ತು. ಕೈ ನೆಟ್ಟಗಾದ ಮೇಲೆ ಭಿಕ್ಷೆ ಹುಟ್ಟುವುದಿಲ್ಲ ಎಂದು ಒಬ್ಬ ರೋಗಿ ದೂರಿದ. ಬಡಗಿ ಕೆಲಸ ಕಲಿಸುವ ನವಜೀವನ ಕೇಂದ್ರದ ಅಗತ್ಯ ಇಂಥ ಅನುಭವಗಳಿಂದಲೇ ಮನವರಿಕೆಯಾಯಿತು. ಶಸ್ತ್ರಚಿಕಿತ್ಸೆ ಚಲನೆ ಕೊಟ್ಟಿತು, ಸ್ಪರ್ಶ ಕೊಡಲಿಲ್ಲ. ನೋವೇ ತಿಳಿಯದ ಕೈ ಉಳಿಯ ಹಿಡಿಯನ್ನು ಬೇಕಾದ್ದಕ್ಕಿಂತ ಬಿಗಿಯಾಗಿ ಹಿಡಿದು ಗಾಯ ಮಾಡಿಕೊಳ್ಳುತ್ತಿತ್ತು. ಕೆಲವರ ಬೆರಳು ರಾತ್ರೋರಾತ್ರಿ ಮೊಟಕಾಗುತ್ತಿದ್ದುದಕ್ಕೆ ಕಾರಣ ಹುಡುಕಿ ಕಾದು ಕುಳಿತಾಗ ಸಿಕ್ಕಿಬಿದ್ದದ್ದು ಇಲಿ. ಆಮೇಲೆ ಮನೆಗೆ ಹೊರಟವರ ಗಂಟುಮೂಟೆಯ ಜೊತೆ ಒಂದು ಬೆಕ್ಕನ್ನೂ ಕಳುಹಿಸತೊಡಗಿದರು.