ಬರ್ಕೊಂಡು ಬಾ: ಠಾಣೆಯ ಮೇಜಿನ ಚರಿತ್ರೆ

ಬೆಂಗಳೂರಿನ ಒಂದು ಠಾಣೆಗೆ ಪೌರಕಾರ್ಮಿಕ ಹೆಣ್ಣುಮಗಳೊಬ್ಬಳ ಜೊತೆ ನಾವು ನಾಲ್ಕು ಜನ ಹೋಗಿದ್ದೆವು. ಬೆಳಿಗ್ಗೆ ಕಸ ಗುಡಿಸುವಾಗ ಮನೆಯೊಡೆಯನೊಬ್ಬ ನಡುಬೀದಿಯಲ್ಲಿ ನಿಂತು ಆಕೆಯ ಜಾತಿ ಹಿಡಿದು ಬೈದಿದ್ದ, ಪೊರಕೆ ಕಿತ್ತು ಎಸೆದಿದ್ದ. ಠಾಣೆಯ ಬಾಗಿಲು ದಾಟಿದರೆ ಮೇಜು, ಮೇಜಿನ ಹಿಂದೆ ರೈಟರು. ಆಕೆ ತೆಲುಗು ಬೆರೆತ ಕನ್ನಡದಲ್ಲಿ ಹೇಳೋಕೆ ಶುರು ಮಾಡಿದಳು. ಎರಡು ಮಾತು ಆಗಿರಲಿಲ್ಲ, 'ಬರ್ಕೊಂಡು ಬಾ' ಅಂದ. ನಮ್ಮ ಕಡೆ ತಿರುಗಿ 'ಬರೆಸ್ಕೊಂಡು ಬನ್ನಿ ಸಾರ್' ಅಂದ. ನಮ್ಮ ಪ್ಯಾಂಟಿಗೆ ಬಹುವಚನ, ಆಕೆಯ ಸೀರೆಗೆ ಏಕವಚನ.

ಎದುರಿನ ಜೆರಾಕ್ಸ್ ಅಂಗಡಿಯ ಹುಡುಗನಿಗೆ ಇಂಥ ಅರ್ಜಿಗಳು ಬಾಯಿಪಾಠ. 'ಮೇಲ್ಕಂಡ ವಿಳಾಸದಲ್ಲಿ ವಾಸವಾಗಿದ್ದು' ಅಂತ ಶುರುವಾಗಿ 'ಅವಾಚ್ಯ ಶಬ್ದಗಳಿಂದ ನಿಂದಿಸಿರುತ್ತಾರೆ' ಅಂತ ಮುಗಿಯಿತು. ಆಕೆ ಹೇಳಿದ್ದ ಜಾತಿಯ ಮಾತು ಅದರಲ್ಲಿ ಇರಲಿಲ್ಲ. ಆ ಮಾತು ಹೋದರೆ ದೌರ್ಜನ್ಯ ತಡೆ ಕಾಯಿದೆಯ ಕೇಸೂ ಹೋಯಿತು. ಉಳಿಯುವುದು ಒಂದು ಬೀದಿ ಜಗಳ.

ಬರೆದು ತಂದರೇನೇ ದೂರು ಅಂತ ಯಾವ ಕಾನೂನು ಹೇಳುತ್ತದೆ? ನಾವು ಹುಡುಕಿದೆವು. ಯಾವುದೂ ಹೇಳುವುದಿಲ್ಲ. ಇವತ್ತಿನ ಮಾತಲ್ಲ, 1861ರಿಂದಲೂ ಹೇಳಿಲ್ಲ.

ಕಂಪನಿ ಸರ್ಕಾರದ ಮದ್ರಾಸ್ ಪ್ರಾಂತ್ಯದಲ್ಲಿ (ನಮ್ಮ ಬಳ್ಳಾರಿ, ಮಂಗಳೂರು ಸೀಮೆಗಳೂ ಅದರೊಳಗಿದ್ದವು) ಕಂದಾಯ ವಸೂಲಿ ಮಾಡುವವನ ಕೈಯಲ್ಲೇ ಪೊಲೀಸು ಅಧಿಕಾರವೂ ಇತ್ತು. ಹೊಡೆದವನ ಮುಂದೆಯೇ ಹೋಗಿ ಹೊಡೆದ ಅಂತ ಹೇಳಬೇಕು. ಕೈಬೆರಳುಗಳನ್ನು ಮರದ ಇಕ್ಕಳದಲ್ಲಿ ಹಿಸುಕುವ 'ಕಿಟ್ಟಿ'ಯಂಥ ಹಿಂಸೆಗಳನ್ನು 1855ರಲ್ಲಿ ಮದ್ರಾಸಿನ ಚಿತ್ರಹಿಂಸೆ ಆಯೋಗ ಬರೆದಿಟ್ಟಿತು. ಬಡವನಿಗೆ ದೂರು ಹೇಳಲು ಹತ್ತಿರದಲ್ಲಿ ಜಾಗವೇ ಇಲ್ಲ, ದಾರಿ ದೂರ, ಖರ್ಚು ಬಹಳ ಎಂಬುದನ್ನೂ ಗುರುತಿಸಿತು. 1859ರಲ್ಲಿ ಮದ್ರಾಸಿಗೆ, 1861ರಲ್ಲಿ ಬ್ರಿಟಿಷ್ ಇಂಡಿಯಾಕ್ಕೆ ಪೊಲೀಸ್ ಕಾಯಿದೆ ಬಂತು. 1857ರ ದಂಗೆ ಕಂಡು ಬೆದರಿದ ಸರ್ಕಾರ ಕಟ್ಟಿದ ಪೊಲೀಸು ಅದು. ಜನರ ಅಳಲು ಕೇಳೋದು ಅದಕ್ಕೆ ಎರಡನೇ ಕೆಲಸ.

ಆದರೂ ಅದೇ 1861ರ ಕ್ರಿಮಿನಲ್ ಪ್ರೊಸೀಜರ್ ಕೋಡಿನ 139ನೇ ಸೆಕ್ಷನ್, ಠಾಣೆಗೆ ಬಂದ ಪ್ರತಿ ದೂರನ್ನೂ ಬರವಣಿಗೆಗೆ ಇಳಿಸಬೇಕು ಅಂದಿತು. 1882ರ ಕೋಡಿನಲ್ಲಿ ಇದು 154ನೇ ಸೆಕ್ಷನ್ ಆಯಿತು. ಬಾಯಲ್ಲಿ ಹೇಳಿದ್ದನ್ನು ಠಾಣಾಧಿಕಾರಿ ಬರೆಯಬೇಕು ಇಲ್ಲವೇ ಬರೆಸಬೇಕು, ಹೇಳಿದವರಿಗೆ ಓದಿ ಹೇಳಬೇಕು, ಆಮೇಲೆ ರುಜು. 1898 ಮತ್ತು 1973ರ ಕೋಡುಗಳಲ್ಲೂ ಅದೇ ನಂಬರು, ಅದೇ ಮಾತು. ನಕಲು ಪುಕ್ಕಟೆ ಕೊಡಬೇಕೆಂದು 1973ರದು ಸೇರಿಸಿತು. ಮೈಸೂರು ಸಂಸ್ಥಾನವೂ ಅದೇ ಅಚ್ಚಿನ ಕಾನೂನು ಇಟ್ಟುಕೊಂಡಿತ್ತು. ಬಿಳಿಯರಿಗೆ ನಮ್ಮ ಮೇಲೆ ಪ್ರೀತಿ ಉಕ್ಕಿ ಇದನ್ನು ಬರೆದರು ಅಂತ ನಾವು ನಂಬುವುದಿಲ್ಲ. ಓದು ಬರದ ದೇಶದಲ್ಲಿ ಅಪರಾಧದ ಸುದ್ದಿ ಅವರ ಕಿವಿಗೆ ಬೀಳಬೇಕಿತ್ತು, ಅಷ್ಟೆ.

ಸುದ್ದಿ ಹೊರುತ್ತಿದ್ದವರು ಯಾರು? ಹಳ್ಳಿಯಲ್ಲಿ ಕೊಲೆ, ಕಳವು ಆದರೆ ಪಟೇಲ ವರದಿ ಕಳಿಸಬೇಕು. ಅದನ್ನು ಹಿಡಿದು ಮೈಲಿಗಟ್ಟಲೆ ನಡೆಯುತ್ತಿದ್ದವನು ತೋಟಿ, ಹೆಚ್ಚಿನ ಕಡೆ ನಮ್ಮ ಕೇರಿಯವನು. ಊರಿನ ದೂರನ್ನೆಲ್ಲ ಹೊತ್ತ ಅವನು ತನ್ನ ಬೆನ್ನಿನ ಬಾಸುಂಡೆ ತೋರಿಸಬೇಕಾದರೆ? ಅದಕ್ಕೂ ಪಟೇಲನೇ ಬರೆಯಬೇಕು. ಬಾಸುಂಡೆ ಎಷ್ಟೋ ಸಲ ಪಟೇಲನದ್ದೇ. ಬೆಳಗಾವಿ, ಧಾರವಾಡ, ಬಿಜಾಪುರ ಆಗ ಸೇರಿದ್ದ ಬೊಂಬಾಯಿ ಪ್ರಾಂತ್ಯದ ಬಗ್ಗೆ 1930ರಲ್ಲಿ ಸ್ಟಾರ್ಟ್ ಸಮಿತಿ ವರದಿ ಕೊಟ್ಟಿತು. ಬಾಬಾಸಾಹೇಬರು ಅದರ ಸದಸ್ಯರು. ಹಕ್ಕು ಕೇಳಿದ ಅಸ್ಪೃಶ್ಯರಿಗೆ ಸಿಗುವುದು ಹೊಡೆತ ಮತ್ತು ಬಹಿಷ್ಕಾರ ಎಂಬುದನ್ನು ಅದು ಮುಚ್ಚಿಡಲಿಲ್ಲ.

ಹಳೇ ಮೈಸೂರಿನ ಪಟೇಲ, ಶಾನುಭೋಗ, ತೋಟಿಕೆಗಳು 1963ರಲ್ಲಿ ರದ್ದಾದವು. ಅದೇ ವರ್ಷ ಬೆಂಗಳೂರಿಗೆ ಪೊಲೀಸ್ ಕಮಿಷನರ್ ಬಂದರು. 1947ರ ತನಕ ಪೇಟೆಗೆ ಮಹಾರಾಜರ ಪೊಲೀಸು, ದಂಡಿಗೆ ರೆಸಿಡೆಂಟರ ಪೊಲೀಸು ಅಂತ ಸೀಳಿದ್ದ ಊರು ಇದು. ಪಟೇಲನಿಲ್ಲದ ಊರು ಅಂತ ನಮ್ಮ ಜನ ಇಲ್ಲಿಗೆ ಬಸ್ಸು ಹತ್ತಿದರು. ಬಂದು ನೋಡಿದರೆ ಪಟೇಲನ ಚೀಟಿ ಹೋಗಿ ಜೆರಾಕ್ಸ್ ಅಂಗಡಿಯ ಅರ್ಜಿ ಬಂದಿತ್ತು.

ಕಾಯಿದೆಗಳಿಗೇನೂ ಬರ ಇಲ್ಲ. ದೂರು ದಾಖಲಿಸದೆ ನುಂಗುವ ರೋಗವನ್ನು 1980ರಲ್ಲಿ ಧರ್ಮವೀರ ಅಧ್ಯಕ್ಷತೆಯ ರಾಷ್ಟ್ರೀಯ ಪೊಲೀಸ್ ಆಯೋಗವೇ ಬಿಚ್ಚಿಟ್ಟಿತು. ಕೇಸು ಕಡಿಮೆ ತೋರಿಸಿದ ಠಾಣೆ ಒಳ್ಳೇ ಠಾಣೆ ಎಂಬ ಲೆಕ್ಕಾಚಾರ ಅದರ ಬೇರು. 'ಇದು ನಮ್ಮ ಲಿಮಿಟ್ ಅಲ್ಲ' ಅಂತ ಅಟ್ಟಬಾರದು, ಯಾವ ಠಾಣೆಯಾದರೂ ದಾಖಲಿಸಿಕೊಂಡು ಆಮೇಲೆ ವರ್ಗಾಯಿಸಬೇಕು ಅಂತ ಅದು ಹೇಳಿತು. ಆ ಮಾತು ಕೋಡಿನೊಳಗೆ ಬಂದದ್ದು 1 ಜುಲೈ 2024ರಂದು, ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ ಆಗಿ. 44 ವರ್ಷ! ಸಂಜ್ಞೇಯ ಅಪರಾಧವಾದರೆ ಎಫ್‌ಐಆರ್ ಕಡ್ಡಾಯ ಅಂತ ಸುಪ್ರೀಂ ಕೋರ್ಟು ಲಲಿತಾ ಕುಮಾರಿ ಕೇಸಿನಲ್ಲಿ ಹೇಳಿದ್ದು 2013ರಲ್ಲಿ. ಈಗ ಕಂಪ್ಯೂಟರಿನಲ್ಲೂ ದೂರು ಕೊಡಬಹುದು, ಆದರೆ ಮೂರು ದಿನದೊಳಗೆ ರುಜು ಹಾಕಬೇಕು. ಸುತ್ತಿ ಬಳಸಿ ಮತ್ತೆ ಅದೇ ಮೇಜು.

ನಮಗೆ ಮುಖ್ಯವಾದದ್ದು 1989ರ ದೌರ್ಜನ್ಯ ತಡೆ ಕಾಯಿದೆ. ಅದರ 1995ರ ನಿಯಮಗಳಲ್ಲಿ 5ನೆಯದು ಇದೇ ಬರೆಯುವ, ಓದಿ ಹೇಳುವ ಕರ್ತವ್ಯ. 2015ರ ತಿದ್ದುಪಡಿ ಅದನ್ನು ಕಾಯಿದೆಯ 4ನೇ ಸೆಕ್ಷನ್ನಿಗೇ ಸೇರಿಸಿತು: ಬೇಕೆಂದೇ ಓದಿ ಹೇಳದ, ದಾಖಲಿಸದ ಪರಿಶಿಷ್ಟನಲ್ಲದ ಅಧಿಕಾರಿಗೆ 6 ತಿಂಗಳಿಂದ 1 ವರ್ಷ ಜೈಲು. ಬಾಲದಲ್ಲಿ ಒಂದು ಷರತ್ತು: ಮೊದಲು ಇಲಾಖೆಯ ವಿಚಾರಣೆ ಶಿಫಾರಸು ಮಾಡಬೇಕು. ಬೇಲಿಯನ್ನೇ ಕೇಳಿ ಬೇಲಿ ಕೀಳಬೇಕಂತೆ. 2018ರ ಮಾರ್ಚಿಯಲ್ಲಿ ಸುಪ್ರೀಂ ಕೋರ್ಟು, ಎಫ್‌ಐಆರಿಗೆ ಮೊದಲು ಪ್ರಾಥಮಿಕ ವಿಚಾರಣೆ ನಡೆಸಬಹುದು ಅಂದಿತು. ಏಪ್ರಿಲ್ 2ರ ಬಂದ್‌ನಲ್ಲಿ ನಮ್ಮವರು ಪ್ರಾಣ ಕೊಟ್ಟರು. ಆಮೇಲೆ 18ಎ ಸೆಕ್ಷನ್ ಬಂದು ಆ ವಿಚಾರಣೆ ಬೇಕಿಲ್ಲ ಅಂದಿತು. ಹಳ್ಳಿಯ ಮೇಷ್ಟರುಗಳು ಈ ಮೂರು ನಂಬರು, 5, 4, 18ಎ, ಒಂದು ಚೀಟಿಯಲ್ಲಿ ಬರೆದು ಜೇಬಿನಲ್ಲಿ ಇಟ್ಟುಕೊಳ್ಳಲಿ.

ನಾವು ಟೈಪಾದ ಹಾಳೆಯನ್ನು ಮಡಚಿಕೊಂಡು ಮತ್ತೆ ಮೇಜಿನ ಮುಂದೆ ನಿಂತೆವು. ಅಮ್ಮ ಬಾಯಲ್ಲಿ ಹೇಳ್ತಾರೆ, ನೀವೇ ಬರ್ಕೊಳ್ಳಿ ಅಂದೆವು. ಒಂದೂವರೆ ಗಂಟೆ ಬೆಂಚು ಕಾಯ್ದೆವು. ಕೊನೆಗೆ ಪೆನ್ನು ಎತ್ತಿಕೊಂಡ. ಬರೆದಾದ ಮೇಲೆ ಹೆಬ್ಬೆಟ್ಟಿಗೆ ಇಂಕಿನ ಪ್ಯಾಡು ಮುಂದೆ ತಳ್ಳಿದ. ಆಕೆ ಕೈ ಸೆರಗಿನೊಳಗೆ ಇಟ್ಟುಕೊಂಡು 'ಓದಿ ಹೇಳಣ್ಣಾ' ಅಂದಳು. ಓದಿದ. 'ಅವನಂದ ಆ ಮಾತೆಲ್ಲಿ?' ಅಂದಳು. ಆ ಮಾತನ್ನು ಆಕೆ ಇನ್ನೊಂದು ಸಲ, ಎಲ್ಲರ ಮುಂದೆ, ಗಟ್ಟಿಯಾಗಿ ಹೇಳಬೇಕಾಯಿತು. ಆತ ತಲೆ ಎತ್ತದೆ ಬರೆದುಕೊಂಡ.